ಡೀಸೆಲ್ ಸ್ವಿಫ್ಟಿಗೆ ಟ್ಯೂನಿಂಗ್ ಬಾಕ್ಸ್: ಆ ಡಬ್ಬಿ ನಿಜವಾಗಿ ಮಾಡೋದೇನು?

ಇವತ್ತಿನ ಕಂತು ಕಾರಿನ ಬಗ್ಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಕೇಳುಗರು ಮತ್ತೆ ಮತ್ತೆ ಕಳಿಸೋ ಒಂದು ಪ್ರಶ್ನೆ ಇದೆ. ಹೆಚ್ಚುಕಮ್ಮಿ ಹೀಗಿರುತ್ತೆ: "ಅಣ್ಣ, ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ತಗೊಂಡಿದೀನಿ. 2013ರ ಗಾಡಿ, 1.40 ಲಕ್ಷ ಕಿಲೋಮೀಟರ್ ಓಡಿದೆ. ಪಿಕಪ್ ಸಾಲ್ತಿಲ್ಲ ಕಣಣ್ಣ. ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ರೆ ಹದಿನೈದಿಪ್ಪತ್ತು ಕುದುರೆ ಜಾಸ್ತಿ ಬರುತ್ತೆ ಅಂತಾರೆ. ಹಾಕಿಸ್ಲಾ, ಬೇಡ್ವಾ?"

ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ಆ ಡಬ್ಬಿ ಒಳಗೆ ಏನಾಗುತ್ತೆ ಅಂತ ಗೊತ್ತಾದರೆ ತೀರ್ಮಾನ ನೀವೇ ಮಾಡ್ಕೋತೀರಿ. ಹಾಗಾಗಿ ಮೊದಲು ಎಂಜಿನ್ನಿನಿಂದ ಶುರು ಮಾಡೋಣ.

ಎಲ್ಲರ ಮನೆಯ ಎಂಜಿನ್

ನಮ್ಮ ಕಡೆ ಡೀಸೆಲ್ ಹ್ಯಾಚ್‌ಬ್ಯಾಕ್ ಅಂದ್ರೆ ಬಹುಪಾಲು ಒಂದೇ ಎಂಜಿನ್. ಫಿಯಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್. ಲೆಕ್ಕಕ್ಕೆ 1,248 ಸಿಸಿ. ಮಾರುತಿಯವರು 2007ರಲ್ಲಿ ಇದನ್ನು ಸ್ವಿಫ್ಟಿಗೆ ಹಾಕಿ ಡಿಡಿಐಎಸ್ ಅಂತ ಮಾರಿದರು. ರಿಟ್ಜ್, ಡಿಸೈರ್, ಫಿಯಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾ, ಇವೆಲ್ಲದರ ಬಾನೆಟ್ ಕೆಳಗೂ ಇದೇ ಎಂಜಿನ್ ಬಂತು. ಸ್ವಿಫ್ಟಿನಲ್ಲಿ ಇದರ ಶಕ್ತಿ 75 ಪಿಎಸ್. ಎಳೆತದ ಬಲ, ಅಂದ್ರೆ ಟಾರ್ಕ್, 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಅಂದ್ರೆ ಇವತ್ತು ರಸ್ತೆ ಮೇಲಿರೋ ಯಾವ ಡೀಸೆಲ್ ಸ್ವಿಫ್ಟೂ ಹೊಸದಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಿಪ್ಪುನೇರಳೆ ತೋಟದ ಡ್ರಿಪ್ ಇದ್ದ ಹಾಗೆ

ಈ ಎಂಜಿನ್ನಿಗೆ ಡೀಸೆಲ್ ಹೋಗೋ ವ್ಯವಸ್ಥೆಗೆ ಕಾಮನ್ ರೈಲ್ ಅಂತಾರೆ. ಇಟಲಿಯ ಫಿಯಟ್ ಬಳಗದವರು ಅಭಿವೃದ್ಧಿಪಡಿಸಿ, ಜರ್ಮನಿಯ ಬಾಷ್ ಕಂಪನಿ ಉತ್ಪಾದನೆಗೆ ತಂದ ತಂತ್ರ ಇದು. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಬಂತು. ಬಾಷ್ ನಮಗೇನು ಹೊಸದಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಅಂತ ಶುರುವಾದದ್ದು ಇದೇ ಕಂಪನಿ. ಈಗ ನಮ್ಮ ಬಿಡದಿಯಲ್ಲೇ ಅವರ ಕಾರ್ಖಾನೆ ಇದೆ.

ಕಾಮನ್ ರೈಲ್ ಅರ್ಥ ಆಗಬೇಕಾದ್ರೆ ಹಿಪ್ಪುನೇರಳೆ ತೋಟದ ಡ್ರಿಪ್ ನೆನೆಸ್ಕೊಳ್ಳಿ. ಮೋಟರ್ ನೀರನ್ನು ಒಂದು ದಪ್ಪ ಪೈಪಿಗೆ ತುಂಬುತ್ತೆ. ಆ ಪೈಪಿನಲ್ಲಿ ಒತ್ತಡ ಇರುತ್ತೆ. ಅಲ್ಲಿಂದ ಸಾಲುಸಾಲಿಗೆ ನೀರು ಹೋಗುತ್ತೆ. ಒತ್ತಡ ಎಷ್ಟಿದೆ ಅಂತ ನೋಡೋಕೆ ಒಂದು ಗೇಜ್ ಇರುತ್ತೆ.

ಕಾರಿನಲ್ಲೂ ಅಷ್ಟೇ. ಪಂಪ್ ಒಂದು ಗಟ್ಟಿ ಕೊಳವೆಗೆ ಡೀಸೆಲ್ ತುಂಬುತ್ತೆ. ಅದೇ ರೈಲ್. ಅದರಿಂದ ನಾಲ್ಕು ಇಂಜೆಕ್ಟರ್‌ಗಳಿಗೆ ಡೀಸೆಲ್ ಹೋಗುತ್ತೆ. ವ್ಯತ್ಯಾಸ ಇರೋದು ಒತ್ತಡದಲ್ಲಿ. ಕಾರಿನ ಟೈರಿನಲ್ಲಿರೋ ಗಾಳಿಯ ಒತ್ತಡ ಸುಮಾರು 2 ಬಾರ್. ಈ ತಲೆಮಾರಿನ ಎಂಜಿನ್ನಿನ ರೈಲ್‌ನಲ್ಲಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಸುಮಾರು 1,400ರಿಂದ 1,600 ಬಾರ್. ಅಂದ್ರೆ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೂವರೆ ಟನ್ ಭಾರ. ಒಂದೂವರೆ ಸ್ವಿಫ್ಟ್ ಕಾರನ್ನು ಉಗುರಿನ ಮೇಲೆ ನಿಲ್ಲಿಸಿದ ಹಾಗೆ.

ರೈಲ್‌ನ ತುದಿಯಲ್ಲಿ ಒಂದು ಸೆನ್ಸರ್ ಇದೆ. ಅದೇ ನಮ್ಮ ಗೇಜ್. ಒತ್ತಡ ಎಷ್ಟಿದೆ ಅನ್ನೋದನ್ನು ವೋಲ್ಟ್ ಲೆಕ್ಕದಲ್ಲಿ ಕಾರಿನ ಕಂಪ್ಯೂಟರಿಗೆ, ಅಂದ್ರೆ ಇಸಿಯುಗೆ, ತಿಳಿಸುತ್ತೆ. ಸಾಮಾನ್ಯವಾಗಿ ಅರ್ಧ ವೋಲ್ಟಿಂದ ನಾಲ್ಕೂವರೆ ವೋಲ್ಟ್ ನಡುವೆ ಈ ಲೆಕ್ಕ ಇರುತ್ತೆ. ಕಡಿಮೆ ಅನ್ನಿಸಿದರೆ ಇಸಿಯು ಒತ್ತಡ ಏರಿಸುತ್ತೆ, ಜಾಸ್ತಿ ಅನ್ನಿಸಿದರೆ ಇಳಿಸುತ್ತೆ.

ಡಬ್ಬಿ ಹೇಳೋ ಸುಳ್ಳು

ಟ್ಯೂನಿಂಗ್ ಬಾಕ್ಸ್ ಕೂರೋದು ಈ ಸೆನ್ಸರ್ ಮತ್ತು ಇಸಿಯು ಮಧ್ಯದಲ್ಲಿ. ಸೆನ್ಸರಿನ ಸಾಕೆಟ್ ಬಿಚ್ಚಿ, ಡಬ್ಬಿಯ ವೈರನ್ನು ನಡುವೆ ಸೇರಿಸ್ತಾರೆ. ಹದಿನೈದು ನಿಮಿಷದ ಕೆಲಸ. ಈಗ ಸೆನ್ಸರ್ "1,300 ಬಾರ್ ಇದೆ" ಅಂದ್ರೆ, ಡಬ್ಬಿ ಅದನ್ನು ತಗ್ಗಿಸಿ "1,150 ಇದೆ" ಅಂತ ಇಸಿಯುಗೆ ಹೇಳುತ್ತೆ. ಇಸಿಯು ನಂಬುತ್ತೆ, ಒತ್ತಡ ಏರಿಸುತ್ತೆ. ಇಂಜೆಕ್ಟರ್ ತೆರೆದಿರೋ ಸಮಯ ಅಷ್ಟೇ ಇದ್ದರೂ ಒತ್ತಡ ಹೆಚ್ಚಿರೋದರಿಂದ ಹೆಚ್ಚು ಡೀಸೆಲ್ ಒಳಗೆ ಹೋಗುತ್ತೆ. ಶಕ್ತಿ ಬರೋದು ಅಲ್ಲಿಂದ. ಈ ಅಂಕಿ ಬರೀ ಉದಾಹರಣೆಗೆ, ಒಂದೊಂದು ಡಬ್ಬಿಯ ಲೆಕ್ಕ ಒಂದೊಂದು ಥರ.

ತೋಟದಲ್ಲಿ ಯಾರೋ ಗೇಜಿನ ಮುಳ್ಳನ್ನು ಹಿಂದಕ್ಕೆ ತಿರುಗಿಸಿಟ್ಟ ಹಾಗೆ. ಮೋಟರ್ ನೋಡ್ಕೊಳ್ಳೋನು ಒತ್ತಡ ಸಾಲದು ಅಂತ ವಾಲ್ವ್ ಇನ್ನಷ್ಟು ತೆರೀತಾನೆ. ಪೈಪು, ಜಾಯಿಂಟು ಮಾತ್ರ ಹಳೇವೇ.

ಇದೇ ಕೆಲಸವನ್ನು ರೀಮ್ಯಾಪ್ ಅಂತ ಇನ್ನೊಂದು ರೀತಿಯಲ್ಲೂ ಮಾಡ್ತಾರೆ. ಅಲ್ಲಿ ಇಸಿಯು ಒಳಗಿನ ತಂತ್ರಾಂಶವನ್ನೇ ತಿದ್ದುತ್ತಾರೆ. ಗಾಳಿ, ಡೀಸೆಲ್, ಸಮಯ ಮೂರನ್ನೂ ಸರಿದೂಗಿಸೋಕೆ ಅಲ್ಲಿ ಅವಕಾಶ ಇದೆ. ಬಾಕ್ಸ್‌ಗೆ ಗ್ರಾಹಕರು ಒಲಿಯೋದು ಬೇಕಾದಾಗ ತೆಗೀಬಹುದು ಅನ್ನೋ ಕಾರಣಕ್ಕೆ.

ಬಾಕ್ಸ್‌ಗಳಲ್ಲೂ ಮೂರು ದರ್ಜೆ ಇವೆ. ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಡೀಸೆಲ್‌ಟ್ರಾನಿಕ್‌ನಂಥ, ಒಂದೊಂದು ಮಾಡೆಲ್ಲಿಗೆ ಅಂತ ಮಾಡಿದವು ಒಂದು ಬಗೆ. ಎರಡನೇದು ಅಗ್ಗದ ಡಬ್ಬಿ. ಒಳಗೆ ಬರೀ ರೆಸಿಸ್ಟರ್ ಇರುತ್ತೆ, ಗಾಡಿ ನಿಂತಿದ್ದರೂ ಓಡ್ತಿದ್ದರೂ ಒಂದೇ ಪ್ರಮಾಣದ ಸುಳ್ಳು ಹೇಳುತ್ತೆ. ಐಡಲ್‌ನಲ್ಲೇ ಎಂಜಿನ್ ಟಕ ಟಕ ಅನ್ನೋಕೆ ಶುರು ಮಾಡುತ್ತೆ. ಮೂರನೇದು ಆನ್‌ಲೈನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗೋ, ಒಬಿಡಿ ಪೋರ್ಟಿಗೆ ಚುಚ್ಚೋ ಪ್ಲಗ್. 2017ರಲ್ಲಿ ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಅನ್ನೋ ಭದ್ರತಾ ಸಂಸ್ಥೆಯವರು ಅಂಥ ಒಂದು ಪ್ಲಗ್ ಬಿಚ್ಚಿ ನೋಡಿದರು. ಅದು ಕಾರಿನ ಜೊತೆ ಮಾತೇ ಆಡ್ತಿರಲಿಲ್ಲ. ಲೈಟ್ ಮಿನುಗಿಸೋದಷ್ಟೇ ಅದರ ಕೆಲಸ.

ಶಕ್ತಿ ಬರುತ್ತಾ? ಬರುತ್ತೆ

ನ್ಯಾಯವಾಗಿ ಹೇಳ್ಬೇಕು. ಒಳ್ಳೇ ಬಾಕ್ಸ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತೆ. ಟರ್ಬೊ ಎದ್ದ ಮೇಲೆ ಎಳೆತ ಜೋರಾಗುತ್ತೆ. ನಾಲ್ಕು ಜನ ಕೂತು ಸಾವನದುರ್ಗದ ಕಡೆ ಏರು ಹತ್ತುವಾಗ, ಸಂಗಮದಿಂದ ಕನಕಪುರಕ್ಕೆ ವಾಪಸ್ ಬರುವಾಗ ಗಾಡಿ ಹಗುರ ಅನ್ನಿಸುತ್ತೆ. ಅದು ಭ್ರಮೆ ಅಲ್ಲ.

ಪ್ರಶ್ನೆ ಇರೋದು, ಆ ಶಕ್ತಿ ಇಷ್ಟು ದಿನ ಎಲ್ಲಿತ್ತು ಅನ್ನೋದು. ಕಂಪನಿಯವರು ಎಂಜಿನ್ನನ್ನು ಅದರ ಗರಿಷ್ಠ ಮಿತಿಯವರೆಗೂ ದುಡಿಸಲ್ಲ, ಸ್ವಲ್ಪ ಅಂತರ ಬಿಟ್ಟಿರ್ತಾರೆ. ಬೇಸಿಗೆಯ ಬಿಸಿಲು, ಎಲ್ಲೋ ಹಾಕಿಸಿದ ಕೆಟ್ಟ ಡೀಸೆಲ್, ತಡವಾದ ಆಯಿಲ್ ಬದಲಾವಣೆ, ಹತ್ತು ವರ್ಷದ ಸವಕಳಿ, ಇಷ್ಟೆಲ್ಲ ತಡ್ಕೊಳ್ಳೋಕೆ ಇಟ್ಟ ಅಂತರ ಅದು. ಡಬ್ಬಿ ಹೊಸ ಸಾಮರ್ಥ್ಯ ತರಲ್ಲ, ಆ ಅಂತರವನ್ನು ಖರ್ಚು ಮಾಡುತ್ತೆ.

ಇದಕ್ಕೆ ಸಾಕ್ಷಿ ಇದೇ ಎಂಜಿನ್ನಲ್ಲಿದೆ. ಇದೇ 1,248 ಸಿಸಿ ಎಂಜಿನ್ನನ್ನು ಮಾರುತಿ ಎರ್ಟಿಗಾ, ಸಿಯಾಜ್ ಕಾರುಗಳಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್ ಶಕ್ತಿಗೆ ಮಾರಿದರು. 15 ಪಿಎಸ್ ಹೆಚ್ಚಿಸೋಕೆ ಬರೀ ತಂತ್ರಾಂಶ ಸಾಲಲಿಲ್ಲ, ಟರ್ಬೊನೇ ಬದಲಾಯಿಸಿದರು. ಒಳಗಿನ ರೆಕ್ಕೆಗಳ ಕೋನ ಬದಲಾಗೋ, ಹೆಚ್ಚು ಗಾಳಿ ಕೊಡೋ ಟರ್ಬೊ ಹಾಕಿದರು. ಡಬ್ಬಿ ಮಾರೋರು 75 ಪಿಎಸ್ ಗಾಡಿಯ ಹಳೇ ಟರ್ಬೊ ಇಟ್ಕೊಂಡೇ ಅದಕ್ಕಿಂತ ಹೆಚ್ಚಿನ ಟಾರ್ಕ್ ಭರವಸೆ ಕೊಡ್ತಾರೆ.

ಗಾಳಿ ಸಾಲದಿದ್ರೆ ಏನಾಗುತ್ತೆ? ಡೀಸೆಲ್ ಉರಿಯೋಕೆ ತೂಕದ ಲೆಕ್ಕದಲ್ಲಿ ಕನಿಷ್ಠ ಹದಿನಾಲ್ಕೂವರೆ ಪಾಲು ಗಾಳಿ ಬೇಕು. ಹೊಗೆ ಬರಬಾರದು ಅಂದ್ರೆ ಅದಕ್ಕಿಂತ ಹೆಚ್ಚೇ ಬೇಕು. ಡೀಸೆಲ್ ಜಾಸ್ತಿಯಾಗಿ ಗಾಳಿ ಅಷ್ಟೇ ಇದ್ದರೆ ಅರೆಬೆಂದ ಇಂಗಾಲ ಸೈಲೆನ್ಸರಿನಿಂದ ಕಪ್ಪು ಹೊಗೆಯಾಗಿ ಬರುತ್ತೆ. ಹಿಂದೆ ಬರ್ತಿರೋ ಬೈಕಿನವನ ಮುಖಕ್ಕೆ ಹೋಗೋದು ಅದೇ. ಅದರ ಒಂದು ಪಾಲು ಎಂಜಿನ್ ಆಯಿಲ್‌ಗೂ ಸೇರಿ ಆಯಿಲ್ ಗಟ್ಟಿಯಾಗುತ್ತೆ. ಬಿಎಸ್6 ಡೀಸೆಲ್ ಗಾಡಿಯಾದ್ರೆ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಬೇಗ ಕಟ್ಕೊಳ್ಳುತ್ತೆ.

ಜೊತೆಗೆ ಶಾಖ. ಪಿಸ್ಟನ್ ಮಾಡಿರೋದು ಅಲ್ಯುಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತೆ. ಒಳಗಿನ ಜ್ವಾಲೆಯ ಶಾಖ ಅದರ ಎಷ್ಟೋ ಪಟ್ಟು. ಕರಗದೆ ಉಳಿದಿರೋದು ಆಯಿಲ್ ಮತ್ತು ಕೂಲೆಂಟ್ ಆ ಶಾಖವನ್ನು ಹೊತ್ತೊಯ್ಯೋದರಿಂದ. ಐದು ಸೆಕೆಂಡ್ ಓವರ್‌ಟೇಕ್ ಮಾಡಿದ್ರೆ ಏನೂ ಆಗಲ್ಲ. ಹೈವೇಯಲ್ಲಿ ಹತ್ತು ನಿಮಿಷ ಪೂರ್ತಿ ತುಳಿದ್ರೆ ಕಥೆ ಬೇರೆ. ಅದರ ಬಿಸಿ ಮೊದಲು ತಟ್ಟೋ ಭಾಗಗಳಲ್ಲಿ ಟರ್ಬೊ ಒಂದು.

ಮೂರನೇದು ಕ್ಲಚ್. 190 ನ್ಯೂಟನ್ ಮೀಟರ್‌ಗೆ ಲೆಕ್ಕ ಹಾಕಿ ಕೊಟ್ಟ ಕ್ಲಚ್ ಅದು. ಅರ್ಧ ಸವೆದಿರೋ ಕ್ಲಚ್ ಮೇಲೆ ಹೆಚ್ಚು ಎಳೆತ ಬಿದ್ರೆ ಜಾರೋಕೆ ಶುರುವಾಗುತ್ತೆ. ಇಂಜೆಕ್ಟರ್, ಟರ್ಬೊ, ಕ್ಲಚ್, ಇವುಗಳಲ್ಲಿ ಯಾವುದು ಹೋದ್ರೂ ಬಿಲ್ ಹತ್ತಾರು ಸಾವಿರ.

ಮೊದಲು, ಇದ್ದ ಪಿಕಪ್ ಎಲ್ಲಿ ಹೋಯ್ತು?

ನನ್ನ ಮುಖ್ಯ ಮಾತು ಇದು. 1.40 ಲಕ್ಷ ಓಡಿದ ಗಾಡಿಯಲ್ಲಿ ಪಿಕಪ್ ಇಲ್ಲ ಅಂದ್ರೆ, ಅದು 75 ಪಿಎಸ್ ಸಾಲ್ತಿಲ್ಲ ಅಂತಲೇ ಅಲ್ಲ. ಬಹಳ ಸಲ ಆ 75 ಪೂರ್ತಿ ಬರ್ತಾನೇ ಇರಲ್ಲ. ಹುಡುಕಬೇಕಾದ ಜಾಗಗಳು ಇವು.

ಏರ್ ಫಿಲ್ಟರ್. ಕ್ವಾರಿ ಲಾರಿಗಳು ಓಡಾಡೋ ರಸ್ತೆಯಲ್ಲಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ಗಿಂತ ಮೊದಲೇ ಇದು ಧೂಳು ತುಂಬಿಕೊಳ್ಳುತ್ತೆ.

ಡೀಸೆಲ್ ಫಿಲ್ಟರ್. ನೀರು, ಕೊಳೆ ಸೇರಿದರೆ ಪಂಪಿಗೆ ಡೀಸೆಲ್ ಸರಿಯಾಗಿ ಸಿಗಲ್ಲ.

ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗೋ ರಬ್ಬರ್ ಹೋಸ್. ಸಣ್ಣ ಬಿರುಕು ಬಿಟ್ಟರೂ ಸಾಕು, ಒತ್ತಿದ ಗಾಳಿ ಸೋರಿಹೋಗುತ್ತೆ. ಜೋರಾಗಿ ತುಳಿದಾಗ ಸುಯ್ ಅನ್ನೋ ಶಬ್ದ, ಹೋಸಿನ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಇದರ ಗುರುತು.

ಇಜಿಆರ್ ವಾಲ್ವ್. ಊರೊಳಗೇ ಓಡೋ ಗಾಡಿಯಲ್ಲಿ ಮಸಿ ಕಟ್ಟಿ ಅರ್ಧ ತೆರೆದೇ ಉಳಿಯುತ್ತೆ.

ಇಂಜೆಕ್ಟರ್. ವಾಪಸ್ ಬರೋ ಡೀಸೆಲ್ ಅಳೆದು ಯಾವ ಇಂಜೆಕ್ಟರ್ ಸೋರ್ತಿದೆ ಅಂತ ಡೀಸೆಲ್ ಪಂಪ್ ಕೆಲಸದವರು ಹೇಳ್ತಾರೆ.

ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಗಾಡಿ ಓಡಿಸ್ತಾ ಎರಡು ಅಂಕಿ ನೋಡೋಕೆ ಹೇಳಿ: ಇಸಿಯು ಕೇಳಿದ ಒತ್ತಡ ಎಷ್ಟು, ಸಿಕ್ಕಿದ ಒತ್ತಡ ಎಷ್ಟು. ರೈಲ್‌ಗೂ ನೋಡಿ, ಟರ್ಬೊಗೂ ನೋಡಿ. ಅಂತರ ಇದ್ದರೆ ದೋಷ ಅಲ್ಲಿದೆ.

ಇದು ಯಾಕೆ ಮುಖ್ಯ ಅಂದ್ರೆ, ಹೋಸ್ ಸೋರ್ತಿರೋ ಗಾಡಿಗೆ ಬಾಕ್ಸ್ ಹಾಕಿದ್ರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಸ್ವಲ್ಪ ದಿನ ಪಿಕಪ್ ಬಂದ ಹಾಗೆ ಅನ್ನಿಸುತ್ತೆ, ರೋಗ ಮಾತ್ರ ಮುಚ್ಚಿಹೋಗಿರುತ್ತೆ. ಹಳೇ ಗಾಡಿಯಲ್ಲಿ ಕಂಪನಿ ಬಿಟ್ಟ ಅಂತರದ ದೊಡ್ಡ ಪಾಲು ಈಗಾಗಲೇ ಸವಕಳಿಗೆ ಹೋಗಿರುತ್ತೆ. ಡಬ್ಬಿ ಉಳಿದಿದ್ದನ್ನೂ ತಗೊಳ್ಳುತ್ತೆ.

ಎಕ್ಸ್‌ಪ್ರೆಸ್‌ವೇ ಲೆಕ್ಕ, ಮಾಗಡಿ ರಸ್ತೆ ಲೆಕ್ಕ

ಹೆಚ್ಚಿನ ಶಕ್ತಿ ಬೇಕಾಗೋದು ಎಲ್ಲಿ? ತಕ್ಷಣ ಎಲ್ಲರೂ ಹೇಳೋದು ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಉದ್ಘಾಟನೆ ಆದ, 118 ಕಿಲೋಮೀಟರ್ ರಸ್ತೆ. ಕಾರಿಗೆ ಮಿತಿ 100. ಇಷ್ಟಕ್ಕೆ 75 ಪಿಎಸ್ ಧಾರಾಳ ಸಾಕು. 120ರಲ್ಲಿ ಹೋದ್ರೆ ಗಾಳಿಯ ತಡೆ ಮೀರೋಕೆ ಬೇಕಾದ ಶಕ್ತಿ 1.7 ಪಟ್ಟು. ಪೂರ್ತಿ 118 ಕಿಲೋಮೀಟರ್‌ಗೆ ಉಳಿಯೋದು ಹನ್ನೆರಡು ನಿಮಿಷ. ಬಿಡದಿಯಿಂದ ಚನ್ನಪಟ್ಟಣಕ್ಕೆ ಉಳಿಯೋದು ಮೂರು ನಿಮಿಷ. ಗುದ್ದಿದ್ರೆ ಹೊರಬೀಳೋ ಶಕ್ತಿ ಮಾತ್ರ 44 ಪರ್ಸೆಂಟ್ ಜಾಸ್ತಿ. ಡಬ್ಬಿ ಬ್ರೇಕನ್ನಾಗಲೀ ಟೈರನ್ನಾಗಲೀ ಬದಲಾಯಿಸಿರಲ್ಲ. ರಸ್ತೆ ಉದ್ದಕ್ಕೂ ಕ್ಯಾಮೆರಾ ಇವೆ. 2024ರ ಆಗಸ್ಟ್ 1ರಿಂದ 130 ದಾಟಿದರೆ ಎಫ್‌ಐಆರ್ ಹಾಕೋದಾಗಿ ರಾಜ್ಯ ಪೊಲೀಸರು ಪ್ರಕಟಿಸಿದ್ದಾರೆ.

ಮಾಗಡಿ, ಕನಕಪುರ ಕಡೆಯ ಎರಡು ಪಥದ ರಸ್ತೆಗಳ ಕಥೆ ಬೇರೆ, ಅಲ್ಲಿ ಓವರ್‌ಟೇಕಿಗೆ ಶಕ್ತಿ ನಿಜವಾಗಿ ಬೇಕು. ಬಸ್ಸು ದಾಟೋಕೆ 6 ಸೆಕೆಂಡ್ ಬೇಕು ಅಂತಿಟ್ಕೊಳ್ಳಿ. ಐದನೇ ಒಂದು ಪಾಲು ಶಕ್ತಿ ಹೆಚ್ಚಾದ್ರೆ, ಒಳ್ಳೇದರಲ್ಲಿ ಒಳ್ಳೇದು ಅಂದ್ರೂ 5 ಸೆಕೆಂಡ್ ಆಗುತ್ತೆ. ಆ ಒಂದು ಸೆಕೆಂಡಿನಲ್ಲಿ ಎದುರಿಂದ 60ರಲ್ಲಿ ಬರೋ ಗಾಡಿ ಹದಿನೇಳು ಮೀಟರ್ ಬಂದಿರುತ್ತೆ. ಸಣ್ಣ ಲಾಭ ಅಲ್ಲ.

ಆದರೆ ಅದಕ್ಕಿಂತ ದೊಡ್ಡ ಲಾಭ ಪುಕ್ಕಟೆ ಸಿಗುತ್ತೆ. ಈ ಎಂಜಿನ್ 2,000 ಆರ್‌ಪಿಎಂ ಕೆಳಗೆ ಮಲಗಿರುತ್ತೆ. 50ರ ವೇಗದಲ್ಲಿ ನಾಲ್ಕನೇ ಗೇರಿನಲ್ಲೇ ಒತ್ತಿದ್ರೆ ಟರ್ಬೊ ಏಳೋದರೊಳಗೆ ಎದುರಿನ ಲಾರಿ ಬಂದಿರುತ್ತೆ. ಮೊದಲೇ ಮೂರನೇ ಗೇರಿಗೆ ಇಳಿಸಿ, ಆರ್‌ಪಿಎಂ 2,000 ದಾಟಿದ ಮೇಲೆ ಆಚೆ ತೆಗೀರಿ. ಅದೇ 75 ಪಿಎಸ್ ಬೇರೆ ಗಾಡಿ ಥರ ಎಳೆಯುತ್ತೆ.

ಕಾನೂನು, ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗೋ ಹಾಗೆ ಮಾಲೀಕ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ₹5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊಗೆ ಮಿತಿ ಮೀರಿದರೆ ಬೇರೆ ದಂಡ ಇದೆ, ಮೊದಲ ಸಲಕ್ಕೇ ₹10,000ದವರೆಗೆ.

ವಿಮಾ ಕಂಪನಿಗೆ ತಿಳಿಸದೆ ಬಾಕ್ಸ್ ಹಾಕಿಸಿ ಅಪಘಾತ ಆದ್ರೆ, ನಿಮ್ಮ ಗಾಡಿಯ ನಷ್ಟಕ್ಕೆ ಹಾಕಿದ ಕ್ಲೇಮ್ ತಿರಸ್ಕಾರ ಆಗಬಹುದು, ಇಲ್ಲ ಕಡಿತ ಆಗಬಹುದು. ವಾರಂಟಿ ಇರೋ ಹೊಸ ಗಾಡಿಯಾದ್ರೆ ಅದನ್ನೂ ಕಳ್ಕೋತೀರಿ. "ಸರ್ವಿಸ್‌ಗೆ ಬಿಡೋ ಮುಂಚೆ ತೆಗೆದಿಟ್ರೆ ಆಯ್ತು" ಅಂತ ಹೇಳಿಕೊಡೋರು ಇದ್ದಾರೆ. ಡಬ್ಬಿ ತೆಗೀಬಹುದು, ಸವೆದ ಕ್ಲಚ್ಚು, ಟರ್ಬೊ ಸವೆದೇ ಇರುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

ಇದೇ ಕಾರಣಕ್ಕೆ, ಬಾಕ್ಸ್ ಬೇಡವೇ ಬೇಡ ಅನ್ನೋರೂ ಇದನ್ನು ತಿಳ್ಕೊಂಡಿರಬೇಕು. ನೀವು ನೋಡೋಕೆ ಹೋದ ಗಾಡಿಗೆ ನಿನ್ನೆವರೆಗೂ ಬಾಕ್ಸ್ ಇದ್ದಿರಬಹುದು. ಬಾನೆಟ್ ಎತ್ತಿ ರೈಲ್ ಸೆನ್ಸರಿನ ಸಾಕೆಟ್ ನೋಡಿ. ಸುತ್ತಲೂ ಧೂಳು ಕೂತು ಅದೊಂದೇ ಪಳಪಳ ಅಂತಿದ್ರೆ, ಲಾಕ್ ಮುರಿದಿದ್ರೆ, ಬ್ಯಾಟರಿ ಪಕ್ಕ ಕತ್ತರಿಸಿದ ಕೇಬಲ್ ಟೈ, ಟೇಪಿನ ಅಂಟು ಇದ್ರೆ ಕೇಳಿ. ಸೈಲೆನ್ಸರ್ ತುದಿಗೆ ಬೆರಳು ಹಾಕಿ, ಮಸಿ ಎಷ್ಟು ದಪ್ಪ ಇದೆ ನೋಡಿ. ಟೆಸ್ಟ್ ಡ್ರೈವ್‌ನಲ್ಲಿ ಈಗ ಹೇಳಿದ ಕ್ಲಚ್ ಪರೀಕ್ಷೆ ಮಾಡಿ.

ಇಷ್ಟು ಕೇಳಿದ ಮೇಲೂ ಹಾಕಿಸ್ತೀನಿ ಅನ್ನೋರಿಗೆ ಕಾನೂನು ಅಡ್ಡ ಇದೆ ಅಂತ ಹೇಳಿದೀನಿ, ಮತ್ತೆ ಹೇಳಲ್ಲ. ಆದರೆ ಒಂದು ಕ್ರಮ ಇಟ್ಕೊಳ್ಳಿ. ಬಾಕ್ಸಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಮೊದಲು ಎರಡೂ ಫಿಲ್ಟರ್, ಹೋಸ್, ಇಜಿಆರ್ ಕ್ಲೀನಿಂಗ್, ಇಂಜೆಕ್ಟರ್ ಪರೀಕ್ಷೆ ಮುಗಿಸಿ. ಟೈರು, ಬ್ರೇಕ್ ಪ್ಯಾಡ್ ನೋಡಿಸಿ. ಆಮೇಲೆ ಒಂದು ತಿಂಗಳು ಗಾಡಿ ಓಡಿಸಿ. ಆಗಲೂ ಪಿಕಪ್ ಸಾಲ್ತಿಲ್ಲ ಅನ್ನಿಸಿದ್ರೆ ಅವತ್ತು ಯೋಚನೆ ಮಾಡಿ. ನನ್ನ ಅಂದಾಜಿನಲ್ಲಿ ಬಹಳ ಜನಕ್ಕೆ ಆ ಯೋಚನೆಯೇ ಬರಲ್ಲ.

ನಿಮ್ಮ ಗಾಡಿಯಲ್ಲಿ ಸ್ಕ್ಯಾನರ್ ಹಾಕಿಸಿದಾಗ ಏನು ಅಂಕಿ ಬಂತು ಅಂತ ವಾಯ್ಸ್ ಮೆಸೇಜ್ ಕಳ್ಸಿ, ಮುಂದಿನ ಕಂತಿನಲ್ಲಿ ಕೆಲವನ್ನು ಒಟ್ಟಿಗೆ ನೋಡೋಣ. ಅಲ್ಲಿವರೆಗೂ ನೋಡ್ಕೊಂಡು ಓಡಿಸಿ.